ರಾತ್ರಿ ಎರಡು ಗಂಟೆಯ ಅಲಾರಂ

ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ 2 ಗಂಟೆಗೆ ಅಲಾರಂ ಹೊಡೆಯುತ್ತದೆ. ಮಗಳಿಗೆ 7ನೇ ವಯಸ್ಸಿನಲ್ಲಿ ಟೈಪ್ 1 ಮಧುಮೇಹವೆಂದು ತಿಳಿದಂದಿನಿಂದ ನನ್ನಾಕೆ ಎದ್ದು, ಮಲಗಿದ ಮಗುವಿನ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. 70ಕ್ಕಿಂತ ಕೆಳಗಿಳಿದಿದ್ದರೆ ಗ್ಲೂಕೋಸ್ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ನಾನೋ, ಬೆಳಗಿನ ಲೋಕಲ್ ಹಿಡಿಯುವ ನೆಪದಲ್ಲಿ ಮುಸುಕೆಳೆದುಕೊಳ್ಳುತ್ತಿದ್ದೆ.

ಗೌರಿಹಬ್ಬಕ್ಕೆ ಬಂದ ನೆಂಟರೊಬ್ಬರು, "ಚಿಕ್ಕಂದಿನಲ್ಲಿ ಸಿಹಿ ಜಾಸ್ತಿ ಕೊಟ್ಟಿರೇನೋ" ಎಂದರು. ಆ ರಾತ್ರಿ ಅಡುಗೆಮನೆಯಲ್ಲಿ ಆಕೆ ಒಬ್ಬಳೇ ಅಳುತ್ತಿದ್ದಳು. "ನನ್ನಿಂದಲೇ ಹೀಗಾಯಿತೇನ್ರೀ?" ಎಂದಳು.

ಮರುದಿನ ವೈದ್ಯರಲ್ಲಿಗೆ ಹೋದೆವು. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಬರುವ ಕಾಯಿಲೆಯಿದು, ಸಿಹಿ ತಿಂದು ಬರುವಂಥದ್ದಲ್ಲ ಎಂದು ಅವರು ಬಿಡಿಸಿ ಹೇಳಿದರು. "ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತಮ್ಮಾ?" ಎಂದೂ ಕೇಳಿದರು. ನಾನು ತಲೆ ತಗ್ಗಿಸಿದೆ.

ಈಗ ಸರದಿ ಮಾಡಿಕೊಂಡಿದ್ದೇವೆ. ಒಂದು ರಾತ್ರಿ ಅವಳದು, ಒಂದು ರಾತ್ರಿ ನನ್ನದು. ಇಂಥ ಮನೆ ನಿಮ್ಮ ಪರಿಚಯದಲ್ಲಿದ್ದರೆ, ದಯವಿಟ್ಟು ಕಾರಣ ಹುಡುಕಬೇಡಿ. ಆ ತಾಯಿಗೆ ನಿದ್ದೆ ಬಂತೇ ಎಂದು ಕೇಳಿ. ಸಾಧ್ಯವಾದರೆ ಸಕ್ಕರೆ ನೋಡುವುದನ್ನು ಕಲಿತು, ಒಂದು ಸಂಜೆ ಮಗುವಿನ ಜೊತೆಗಿರಿ.