ಪಹಣಿಯ ಹನ್ನೊಂದನೇ ಕಾಲಂ

ನಮ್ಮ ಕಡೆ ಪಹಣಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಒಂಬತ್ತನೇ ಕಾಲಂಗೆ. ಅಲ್ಲಿ ಖಾತೆದಾರನ ಹೆಸರಿರುತ್ತದೆ, ಹೆಸರಿನ ಎದುರು ಎಕರೆ, ಗುಂಟೆ ಇರುತ್ತದೆ. ಹಾಸನದಲ್ಲಾಗಲಿ, ಅರಕಲಗೂಡಿನಲ್ಲಾಗಲಿ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತು ಬೆರಳಿಟ್ಟು ಓದುವವರು ಅಷ್ಟು ಓದಿ ಕಾಗದ ಮಡಿಚಿ ಜೇಬಿಗಿಡುತ್ತಾರೆ. ಅದೇ ಹಾಳೆಯಲ್ಲಿ ಸ್ವಲ್ಪ ಆಚೆಗೆ ಹನ್ನೊಂದನೇ ಕಾಲಂ ಇದೆ. ಅದರಲ್ಲಿ ‘ಋಣಗಳು’ ಎಂದು ಅಚ್ಚಾಗಿದ್ದು, ಕೆಳಗೆ ಯಾವ ಬ್ಯಾಂಕಿಗೆ, ಯಾವ ಸೊಸೈಟಿಗೆ ಎಷ್ಟು ಆಧಾರ ಎಂದು ಬರೆದಿರುತ್ತದೆ. ಹೊಲವೂ ಸಾಲವೂ ಒಂದೇ ಹಾಳೆಯ ಮೇಲಿದ್ದರೂ ಹೊಲದ ಮಾತನ್ನು ನಾವು ಜಗಲಿಯ ಮೇಲೆ ಆಡುತ್ತೇವೆ, ಸಾಲದ ಮಾತನ್ನು ಹಿತ್ತಿಲಲ್ಲಿ ಆಡುತ್ತೇವೆ. ಮನೆಯ ಯಜಮಾನ ಸಾಲ ಉಳಿಸಿ ತೀರಿಕೊಂಡಾಗ ಮನೆಯನ್ನು ಒಡೆಯುವುದು ಬಹುಪಾಲು ಈ ಹಿತ್ತಿಲ ಪಿಸುಮಾತೇ ಎಂಬುದು ನನ್ನ ಗಟ್ಟಿ ನಂಬಿಕೆ.

ನನ್ನ ಚಿಕ್ಕಪ್ಪ ಇದ್ದದ್ದು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಕಡೆ. ಅದು ಹೊಗೆಸೊಪ್ಪಿನ ಸೀಮೆ. ಮುಂಗಾರಿಗೆ ಸಸಿ ನೆಟ್ಟು, ಎಲೆ ಮುರಿದು, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ, ರಾತ್ರಿ ಹಗಲು ಬೆಂಕಿ ಕಾದು ಹದ ಮಾಡಿ, ಗ್ರೇಡ್ ಮಾಡಿ ಬೇಲು ಕಟ್ಟಿ ತಂಬಾಕು ಮಂಡಳಿಯ ಹರಾಜಿಗೆ ಒಯ್ಯಬೇಕು. ದುಡ್ಡು ಕಾಣುವುದು ಕೊನೆಗೆ. ಅಲ್ಲಿಯವರೆಗೆ ಗೊಬ್ಬರ, ಸೌದೆ, ಕೂಲಿ ಎಲ್ಲವೂ ಸಾಲದ ಮೇಲೆಯೇ ನಡೆಯಬೇಕು. ಹರಾಜಿನ ಹಣ ಬ್ಯಾಂಕಿನ ಖಾತೆಗೆ ಬಂದು, ಬ್ಯಾಂಕು ತನ್ನ ಬಾಕಿ ಹಿಡಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಚಿಕ್ಕಪ್ಪ ಹೃದಯಾಘಾತದಿಂದ ತೀರಿಕೊಂಡದ್ದು ಶ್ರಾವಣದಲ್ಲಿ, ಎಲೆ ಇನ್ನೂ ಬ್ಯಾರನ್ನಿನೊಳಗೆ ಇದ್ದಾಗ. ಹೆಣ ಜಗಲಿಯ ಮೇಲಿದ್ದ ರಾತ್ರಿಯೂ ಪಕ್ಕದ ಮನೆಯವರು ಹೋಗಿ ಒಲೆಗೆ ಸೌದೆ ತಳ್ಳಿ ಬಂದರು. ಬೆಂಕಿ ನಿಂತರೆ ಆ ಬ್ಯಾರನ್ನಿನ ಸೊಪ್ಪು ಪೂರಾ ಕೆಡುತ್ತಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರ ಜೊತೆ ಸಾಲ ಕೊಟ್ಟವರೂ ಬಂದಿದ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ಎಡೆಗೆ ಕೈಮುಗಿದು, ಉಂಡು, ಚಪ್ಪರದ ಕಂಬಕ್ಕೆ ಒರಗಿ ಕೂತರು. ಜನ ಕರಗಿದ ಮೇಲೆ ಒಬ್ಬರು ಚಿಕ್ಕಪ್ಪನ ಮಗನನ್ನು ಹತ್ತಿರ ಕರೆದು ಜೇಬಿನಿಂದ ಹಳೆಯ ಪ್ರಾಮಿಸರಿ ನೋಟು ತೆಗೆದರು. “ಈಗ್ಲೇ ಕೊಡು ಅಂತ ಕೇಳ್ತಿಲ್ಲ ಕಣಪ್ಪ. ನೋಟು ನಿನ್ ಹೆಸ್ರಿಗೆ ಬದಲಾಯಿಸ್ಕೊಟ್ರೆ ಸಾಕು, ನಾನು ನೆಮ್ಮದಿಯಾಗಿ ಹೋಗ್ತೀನಿ” ಎಂದರು. ಅಪ್ಪನ ಕಾರ್ಯದ ದಿನ ಅಪ್ಪನ ಮಾತು ಉಳಿಸದಿದ್ದರೆ ಹೇಗೆ ಎಂದು ಹುಡುಗ ಪೆನ್ನು ಹಿಡಿದೇಬಿಟ್ಟಿದ್ದ. ಹೊಳೆನರಸೀಪುರದಲ್ಲಿ ವಕೀಲಿಕೆ ಮಾಡುವ ನಮ್ಮ ಭಾವ ಮೆಲ್ಲಗೆ ಅವನ ಭುಜದ ಮೇಲೆ ಕೈಯಿಟ್ಟರು. “ಇವತ್ತು ಯಾವ ಕಾಗದಕ್ಕೂ ಸೈನು ಬೇಡ ಕಣೋ. ಕೊಡಲ್ಲ ಅಂತ ಹೇಳ್ಬೇಡ, ಕೊಡ್ತೀನಿ ಅಂತ ಬರ್ಕೊಡ್ಲೂಬೇಡ. ಮೊದ್ಲು ಏನಿದೆ, ಏನಿಲ್ಲ ನೋಡಣ.”

ಭಾವ ಅಂದು ತಡೆದ ಆ ಸಹಿಯ ತೂಕ ನನಗೆ ಆಮೇಲೆ ಅರ್ಥವಾಯಿತು. ಸತ್ತವರ ಸಾಲಕ್ಕೆ ವಾರಸುದಾರ ಹೊಣೆಯಾಗುವುದು ಅವರಿಂದ ತನ್ನ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಮುಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಎರಡು ಲಕ್ಷದ ಆಸ್ತಿ ಬಂದು ಐದು ಲಕ್ಷದ ಸಾಲವಿದ್ದರೆ, ಉಳಿದ ಮೂರು ಲಕ್ಷಕ್ಕೆ ಮಗನ ಸಂಬಳವನ್ನಾಗಲಿ, ಅವನ ಸ್ವಂತ ದುಡಿಮೆಯ ಸೈಟನ್ನಾಗಲಿ ಮುಟ್ಟುವಂತಿಲ್ಲ. ಆದರೆ ಹೊಸ ನೋಟಿಗೆ ತನ್ನ ಹೆಸರಲ್ಲಿ ಸಹಿ ಹಾಕಿದ ಗಳಿಗೆಯಿಂದ ಅಪ್ಪನ ಸಾಲ ಅವನ ಸ್ವಂತ ಸಾಲ. ಮೊದಲೇ ಜಾಮೀನು ಹಾಕಿದ್ದರೆ, ಜಂಟಿಯಾಗಿ ಸಾಲ ತೆಗೆದಿದ್ದರೆ ಆ ಹೊಣೆ ಬೇರೆಯೇ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಂದ ಆಸ್ತಿಯನ್ನು ಗುಟ್ಟಾಗಿ ಮಾರಿ ಖರ್ಚು ಮಾಡಿ, ಲೆಕ್ಕ ಕೊಡಲಾಗದೆ ನಿಂತರೆ, ಆ ಆಸ್ತಿಯ ಬೆಲೆಯಷ್ಟಕ್ಕೆ ವಾರಸುದಾರನೇ ಕೈಯಿಂದ ಕಟ್ಟಬೇಕಾಗುತ್ತದೆ. ಕಾನೂನು ಹೊರಲಾರದ ಹೊರೆಯನ್ನು ಮಗನ ತಲೆಗೆ ಏರಿಸುವುದಿಲ್ಲ, ನ್ಯಾಯವಾಗಿ ಹೊರಬೇಕಾದ್ದನ್ನು ಇಳಿಸಿ ಓಡಲೂ ಬಿಡುವುದಿಲ್ಲ.

ಹಿಂದೆ ಹೀಗಿರಲಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದು ಸ್ಮೃತಿಗಳು ವಿಧಿಸಿದ್ದವು. ಮಗ ಬಡ್ಡಿಸಹಿತ ತೀರಿಸಬೇಕು, ಮೊಮ್ಮಗ ಅಸಲು ಮಾತ್ರ ಕೊಟ್ಟರೆ ಸಾಕು ಎಂದು ಬೃಹಸ್ಪತಿ ತಲೆಮಾರಿಗೊಂದು ಅಳತೆ ಇಟ್ಟಿದ್ದ. ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನಿಗೆ ಅಂಟುವುದಿಲ್ಲ ಎಂಬ ವಿವೇಕವೂ ಆ ಧರ್ಮದಲ್ಲಿತ್ತು. ಈ ಕಟ್ಟಳೆಗಳನ್ನು ಮಿತಾಕ್ಷರದಲ್ಲಿ ವಿವರಿಸಿದ ವಿಜ್ಞಾನೇಶ್ವರ ಕನ್ನಡ ನೆಲದ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಮುಂಬೈ ಪ್ರಾಂತ್ಯಕ್ಕೆ 1866ರಲ್ಲೇ ಬಂದ ಕಾಯ್ದೆಯೊಂದು ವಾರಸುದಾರನ ಹೊಣೆಯನ್ನು ಬಂದ ಆಸ್ತಿಗೆ ಸೀಮಿತಗೊಳಿಸಿತು. ಆಗ ಧಾರವಾಡ, ಬೆಳಗಾವಿ, ವಿಜಯಪುರದ ಮನೆಗಳಿಗೂ ಆ ಆಸರೆ ಸಿಕ್ಕಿತು. ಕೊನೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಅಂದಿನಿಂದಾಚೆಗಿನ ಸಾಲಗಳಿಗೆ ಮಗನ ಧರ್ಮ ಎಂಬ ಒಂದೇ ಕಾರಣದಿಂದ ಮಗ, ಮೊಮ್ಮಗ, ಮರಿಮಗನನ್ನು ಕೋರ್ಟಿಗೆ ಎಳೆಯುವುದನ್ನು ನಿಲ್ಲಿಸಿತು. ಬೇರೆ ನಾಡುಗಳೂ ಇದನ್ನೇ ಯೋಚಿಸಿವೆ. ರೋಮಿನ ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 531ರಲ್ಲಿ, ಸತ್ತವನ ಆಸ್ತಿಯ ಪಟ್ಟಿ ಮಾಡಿಸಿದ ವಾರಸುದಾರ ಆ ಪಟ್ಟಿಯ ಮಟ್ಟಿಗೆ ಮಾತ್ರ ಸಾಲಕ್ಕೆ ಹೊಣೆ ಎಂದು ವಿಧಿಸಿದ. ಜಪಾನಿನಲ್ಲಿ ವಾರಸು ಬೇಕೋ ಬೇಡವೋ ಎಂದು ನಿರ್ಧರಿಸಲು ಮೂರು ತಿಂಗಳ ಗಡುವಿದೆ. ಎಲ್ಲ ಕಡೆಯೂ ಮೊದಲು ಆಗಬೇಕಾದ ಕೆಲಸ ಒಂದೇ: ಪಟ್ಟಿ.

ನಮ್ಮ ಮನೆಯ ಪಟ್ಟಿ ಸಿಕ್ಕಿದ್ದು ಕಬ್ಬಿಣದ ಟ್ರಂಕಿನ ತಳದಲ್ಲಿ, ಗೊಬ್ಬರದ ಕಂಪನಿಯವರು ಕೊಟ್ಟ ಹಳೆಯ ಡೈರಿಯಲ್ಲಿ. ಚಿಕ್ಕಪ್ಪನ ಅಕ್ಷರ ದಪ್ಪ, ಸಾಲುಗಳು ಓರೆ. ನಾನು ಓದುತ್ತ ಹೋದೆ, ಎಲ್ಲರೂ ಸುತ್ತ ಕೂತು ಕೇಳಿದರು. ಬೋರು ಕೊರೆಸಿದ್ದು, ನೀರು ಬರಲಿಲ್ಲ. ಮತ್ತೆ ಬೋರು. ಹಾಸನದ ಎಪಿಎಂಸಿಯಲ್ಲಿ ತಂದ ಜಲಂಧರ್ ಬಿತ್ತನೆ ಆಲೂಗಡ್ಡೆ, ಅದರ ಮುಂದೆ ‘ಅಂಗಮಾರಿ’ ಎಂಬ ಒಂದೇ ಮಾತು. ಮಗಳ ಮದುವೆಗೆ ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಚಿಕ್ಕಮ್ಮನ ಎರಡೆಳೆ ಸರ ಅಡ. ಮಗನ ಇಂಜಿನಿಯರಿಂಗ್ ಫೀಸು, ಹಾಸನದ ರೂಮಿನ ಅಡ್ವಾನ್ಸು, ಮತ್ತೆ ಫೀಸು. ತೆಂಗಿನ ತೋಟ ಅರ್ಧ ಎಕರೆ ಭೋಗ್ಯಕ್ಕೆ. ಅಜ್ಜಿಯ ಕಣ್ಣಿನ ಆಪರೇಷನ್. ನಾನು ಓದಿ ಮುಗಿಸುವ ಹೊತ್ತಿಗೆ ಚಿಕ್ಕಪ್ಪನ ಮಗ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಪ್ಪ ಇಷ್ಟು ಸಾಲ ಏಕೆ ಮಾಡಿದ ಎಂದು ಅವನು ಹತ್ತು ದಿನದಿಂದ ಒಳಗೊಳಗೇ ಕುದಿಯುತ್ತಿದ್ದ. ಸಾಲದ ದೊಡ್ಡ ಪಾಲು ಅವನ ಓದಿನದೇ ಆಗಿತ್ತು. ಆ ಡೈರಿಯಲ್ಲಿ ಚಿಕ್ಕಪ್ಪ ತನಗಾಗಿ ಮಾಡಿಕೊಂಡ ಒಂದು ಸಾಲವೂ ಇರಲಿಲ್ಲ.

ಲೆಕ್ಕ ಪೂರ್ತಿ ಓದಿದ್ದಕ್ಕೆ ಕಾರಣ ಚನ್ನರಾಯಪಟ್ಟಣಕ್ಕೆ ಕೊಟ್ಟ ಅವರ ಮಗಳು. ನಮ್ಮಲ್ಲಿ ಇಂಥ ಹೊತ್ತಿಗೆ ಹೆಣ್ಣುಮಕ್ಕಳ ಮುಂದೆ ಹಕ್ಕು ಖುಲಾಸೆ ಪತ್ರ ಬರುತ್ತದೆ. ಬರೀ ಸಾಲ ಇದೆ, ನಿನಗೇಕೆ ಈ ತಲೆನೋವು, ಸೈನು ಹಾಕಿಬಿಡು ಎನ್ನುವವರು ಮನೆಮನೆಯಲ್ಲೂ ಇದ್ದಾರೆ. ಅವಳು ಶಾಂತವಾಗಿಯೇ ಹೇಳಿದಳು: “ಅಣ್ಣ, ಸೈನ್ ಹಾಕೋಕೆ ನಂಗೇನಿಲ್ಲ. ಆದ್ರೆ ಅಪ್ಪನ ಲೆಕ್ಕ ಪೂರ್ತಿ ಓದ್ಸು. ನನ್ ಮದ್ವೆ ಸಾಲ ಎಷ್ಟು ಉಳಿದಿದೆ ಅಂತ ನಂಗೂ ಗೊತ್ತಾಗ್ಬೇಕು.” ಕರ್ನಾಟಕ 1994ರಲ್ಲೇ, ದೇಶಕ್ಕೆ ಹನ್ನೊಂದು ವರ್ಷ ಮೊದಲೇ, ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟ ರಾಜ್ಯ. ಪಾಲು ಕೇಳುವ ಹಕ್ಕಿನ ಜೊತೆ ಲೆಕ್ಕ ಕೇಳುವ ಹಕ್ಕೂ ಬಂದಿದೆ. ಅವಳು ಆ ಹಕ್ಕನ್ನು ಚಲಾಯಿಸಿದ್ದರಿಂದಲೇ ಬ್ಯಾಂಕಿನ ಪಾಸ್‌ಬುಕ್ಕನ್ನೂ ತಿರುವಿ ಹಾಕಿದೆವು. ಅದರಲ್ಲಿ 436 ರೂಪಾಯಿಯ ಒಂದು ಕಡಿತ ಕಂಡಿತು. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವಾರ್ಷಿಕ ಕಂತು. ಎರಡು ಲಕ್ಷದ ಆ ವಿಮೆಯ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಲವನ್ನು ಮುಚ್ಚಿಟ್ಟ ಮನೆಯಲ್ಲಿ ಬರಬೇಕಾದ ಹಣವೂ ಮುಚ್ಚಿಹೋಗಿರುತ್ತದೆ.

ಅವಳ ಊರಿಗೆ ಹತ್ತಿರದ ಶ್ರವಣಬೆಳಗೊಳದಲ್ಲಿ 1634ರ ಒಂದು ಶಾಸನವಿದೆ. ದೇವರ ಪೂಜೆಗೆ ಬಿಟ್ಟಿದ್ದ ದತ್ತಿಯ ಭೂಮಿಯನ್ನು ಸ್ಥಾನಿಕರು ವರ್ತಕರಿಗೆ ಅಡವಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ಆ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ತಮ್ಮ ತಂದೆತಾಯಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಮುಂದೆ ಆ ಭೂಮಿಯನ್ನು ಅಡವಿಡುವವರಿಗೂ ಅಡವು ಹಿಡಿಯುವವರಿಗೂ ನಿಷೇಧ ಹಾಕಲಾಯಿತು. ಈ ಪ್ರಸಂಗ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಾಲ ಕೊಟ್ಟವರನ್ನೂ ತೆಗೆದುಕೊಂಡವರನ್ನೂ ಎದುರೆದುರು ಕೂರಿಸಿ, ಬಾಕಿಯನ್ನು ಬಾಯಿಬಿಟ್ಟು ಹೇಳಿ, ಇಬ್ಬರನ್ನೂ ಒಂದೇ ಕಟ್ಟಳೆಗೆ ಒಳಪಡಿಸಿದರು. ಸಾಲ ಬಿಡುವುದೂ ಹಿರಿಯರಿಗೆ ಸಲ್ಲಿಸುವ ಸೇವೆ ಎಂದು ನಮ್ಮ ಜಿಲ್ಲೆಯ ಜನ ಸುಮಾರು ನಾನೂರು ವರ್ಷದ ಹಿಂದೆಯೇ ಕಲ್ಲಿನಲ್ಲಿ ಕೊರೆಸಿದ್ದಾರೆ.

ನಾವೂ ಸಾಲ ಕೊಟ್ಟವರನ್ನೆಲ್ಲ ಒಂದು ಭಾನುವಾರ ಮನೆಗೆ ಕರೆದೆವು. ಡೈರಿಯ ಲೆಕ್ಕವನ್ನೂ ಅವರ ಕೈಯ ಕಾಗದವನ್ನೂ ತಾಳೆ ನೋಡಿದೆವು. ಸೊಸೈಟಿಯ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ, ಆದರೆ ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಸೂತಕದ ಮನೆಯಲ್ಲಿ ಆ ತಾರೀಖು ಮರೆತುಹೋಗುವುದೇ ಹೆಚ್ಚು, ಹಾಗಾಗಿ ಅದನ್ನು ಮೊದಲು ಕಟ್ಟಿದೆವು. ಒಳ್ಳೆಯ ಫಸಲಿನ ಕಾಲದಲ್ಲಿ ಚಿಕ್ಕಪ್ಪ ಹಾಸನದ ಹೊರಗೆ ಕೊಂಡಿದ್ದ ಸೈಟು ಮಾರಿ ಸರ ಬಿಡಿಸಿದೆವು, ಗೊಬ್ಬರದ ಅಂಗಡಿಯ ಬಾಕಿ ಚುಕ್ತಾ ಆಯಿತು. ಕೈಸಾಲದವರು ಅಸಲಿಗೂ ಒಂದಿಷ್ಟು ಬಡ್ಡಿಗೂ ಒಪ್ಪಿ, ಎಲ್ಲರೆದುರು ನೋಟು ಹರಿದರು. ಭೋಗ್ಯದ ತೆಂಗಿಗೆ ಅವಧಿ ಮುಗಿಯುವವರೆಗೆ ಕಾಯುವುದೆಂದಾಯಿತು. ವಿಮೆಯ ಹಣ ಚಿಕ್ಕಮ್ಮನ ಹೆಸರಿನಲ್ಲೇ ಉಳಿಯಿತು. ಆಮೇಲೆ ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಟ್ಟದ್ದು. ಸಾಲದ ಹೆದರಿಕೆಗೆ ಖಾತೆಯನ್ನೇ ಮಾಡಿಸದೆ ತಾತನ ಹೆಸರಿನಲ್ಲೇ ಬಿಟ್ಟ ಜಮೀನುಗಳು ನಮ್ಮ ಸುತ್ತ ಎಷ್ಟೋ ಇವೆ. ಅಂಥವರಿಗೆ ಬೆಳೆ ಸಾಲವೂ ಸಲೀಸಾಗಿ ಹುಟ್ಟುವುದಿಲ್ಲ, ಬೆಳೆ ಪರಿಹಾರಕ್ಕೂ ಅಲೆದಾಟ ತಪ್ಪುವುದಿಲ್ಲ.

ಎಲ್ಲ ಮನೆಯಲ್ಲೂ ಮಾರಲು ಸೈಟು ಇರುವುದಿಲ್ಲ, ಎಲ್ಲ ಸಾಲಿಗರೂ ನೋಟು ಹರಿಯುವುದಿಲ್ಲ. ಸರ್ಕಾರದ ಸಾಲ ಮನ್ನಾ ಬಂದಾಗಲೂ, 2018ರಲ್ಲಿ ಬಂದಂತೆ, ಅದು ಸಹಕಾರ ಸಂಘ, ಬ್ಯಾಂಕುಗಳ ಬೆಳೆ ಸಾಲಕ್ಕೆ ಮಾತ್ರ. ಆ ಮನ್ನಾ ಕೈಸಾಲದ ಹತ್ತಿರ ಸುಳಿಯಲಿಲ್ಲ. ಕಿರುಸಾಲದ ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತು ಕೂಗಾಡುವುದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಇಂಥ ಕಾಯ್ದೆಯ ಆಸರೆ ಪಡೆಯಬೇಕಾದರೂ ಯಾರಿಗೆ ಎಷ್ಟು ಬಾಕಿ ಎಂದು ಮನೆಯವರಿಗೆ ತಿಳಿದಿರಬೇಕು.

ಅದಕ್ಕೇ ಜಮೀನಿರುವ ಪ್ರತಿಯೊಬ್ಬ ಹಿರಿಯರನ್ನೂ ಕೇಳಿಕೊಳ್ಳುತ್ತೇನೆ: ನಿಮ್ಮ ಸಾಲವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದನ್ನು ಹೆಂಡತಿಗೆ ತೋರಿಸಿ, ಗಂಡು ಹೆಣ್ಣು ಎನ್ನದೆ ಮಕ್ಕಳಿಗೆಲ್ಲ ಓದಿ ಹೇಳಿ. ಮನೆಗಾಗಿ ಮಾಡಿದ ಸಾಲದಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ಮಕ್ಕಳಾದವರು, ಅಪ್ಪ ಬಿಟ್ಟುಹೋದ ಆಸ್ತಿಯಿಂದ ಅಪ್ಪನ ಸಾಲ ತೀರಿಸಿ, ಅದು ಸಾಲದಿದ್ದರೆ ಸಾಲದು ಎಂದು ಎಲ್ಲರೆದುರು ಧೈರ್ಯವಾಗಿ ಹೇಳಿ. ಅದಕ್ಕಾಗಿ ನಿಮ್ಮ ಮಕ್ಕಳ ಅನ್ನವನ್ನು ಅಡವಿಡುವುದು ಯಾವ ಅಪ್ಪನ ಆಸೆಯೂ ಆಗಿರಲಾರದು.