ಸ್ಟೇರಿಂಗ್ ಬಲಕ್ಕಿರುವ ದ್ವೀಪ

ಯುರೋಪಿನಲ್ಲಿ ಮೊದಲ ಸಲ ಬಾಡಿಗೆ ಕಾರು ಓಡಿಸೋರು ಮಾಲ್ಟಾಕ್ಕೆ ಹೋಗ್ರಿ ಅಂತೀನಿ ನಾನು. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದ ದ್ವೀಪ. ಸ್ಟೇರಿಂಗ್ ನಮ್ಮಂಗೇ ಬಲಕ್ಕೆ, ಗಾಡಿ ಎಡಕ್ಕೆ. ಸುಮಾರು 27 ಕಿ.ಮೀ. ಉದ್ದ, ಅಂದ್ರೆ ಚಿಕ್ಕೋಡಿಯಿಂದ ಅಥಣಿಗೆ ಅರ್ಧ ದಾರಿನೂ ಆಗಂಗಿಲ್ಲ.

ಚಿಕ್ಕೋಡಿ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಅವ್ವನ ಜೊತೆ ಹೋಗಿದ್ದೆ. ಏರ್‌ಪೋರ್ಟ್ ಕೌಂಟರಿನಲ್ಲಿ 1,200 ಯೂರೋ ಡಿಪಾಸಿಟ್ ಎಂದು ಕ್ರೆಡಿಟ್ ಕಾರ್ಡಿನಲ್ಲಿ ತಡೆದಿಟ್ಟರು. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಕಬ್ಬಿನ ಬಿಲ್ಲು! ಅದಕ್ಕೇ ಕಾರು ಮುಟ್ಟುವ ಮೊದಲು ಸುತ್ತಲೂ ವಿಡಿಯೊ ಮಾಡಿದೆ: ಬಂಪರ್, ಗಾಲಿ, ಕನ್ನಡಿ, ಪೆಟ್ರೋಲ್ ಮುಳ್ಳು.

ಹಳ್ಳಿಯ ದಾರಿಗಳಿಗೆ ಎರಡೂ ಕಡೆ ಕಲ್ಲಿನ ಗೋಡೆ. ಎದುರಿಗೆ ಬಸ್ ಬಂದರೆ ಹಿಂದಕ್ಕೆ ಸರಿಯಬೇಕು. ಸೀಸನ್ನಿನಲ್ಲಿ ರಾಯಬಾಗ ರಸ್ತೆಯ ಎರಡು ಟ್ರೇಲರ್ ಟ್ರ್ಯಾಕ್ಟರಿಗೆ ದಾರಿ ಬಿಟ್ಟವರಿಗೆ ಇದೇನು ಹೊಸದಲ್ಲ. "ಸಾವಕಾಶ ಹೊಡಿಯವ್ವಾ" ಅಂತ ಅವ್ವ ಅಲ್ಲೂ ಬಿಡಲಿಲ್ಲ. ಕಷ್ಟ ಆಗಿದ್ದು ಸರ್ಕಲ್ಲುಗಳು. ನಮ್ಮಲ್ಲಿ ಮೂಗು ತೂರಿಸಿದವರದೇ ದಾರಿ. ಅಲ್ಲಿ ಬಲಗಡೆಯಿಂದ ಸುತ್ತಿ ಬರುವವರು ಮೊದಲು. ನಾನು ನಿಂತಷ್ಟೂ ಹಿಂದಿನವರು ಹಾರ್ನ್ ಹೊಡೆದರು. ಹೊಡೀಲಿ ಬಿಡ್ರಿ.

ಗೋಜೋ ದ್ವೀಪಕ್ಕೆ ಕಾರು ಸಮೇತ ದೋಣಿಯಲ್ಲಿ ದಾಟಬಹುದು, ಸುಮಾರು 25 ನಿಮಿಷ. ಟಿಕೆಟ್ ವಾಪಸ್ ಬರುವಾಗ ಮಾತ್ರ!

ಕಾರು ಒಪ್ಪಿಸುವಾಗ ಹುಡುಗ ಬಂಪರಿನ ಗೀರು ತೋರಿಸಿದ. ನಾನು ಫೋನ್ ತೋರಿಸಿದೆ. ಅದೇ ಗೀರು, ಮೊದಲ ದಿನದ್ದು. ಸುಮ್ಮನೆ ಸಹಿ ಹಾಕಿಕೊಟ್ಟ. ದುಡ್ಡು ಹತ್ತು ದಿನದಲ್ಲಿ ಬಿಡುಗಡೆಯಾಯಿತು.