ನಾಲ್ಕು ಮತ್ತು ಐದರ ನಡುವೆ

ಕನ್ನಡದಲ್ಲಿ ಬೆನ್ನಿಗೆ ಸಿಕ್ಕ ಗೌರವ ಸೊಂಟಕ್ಕೆ ಸಿಕ್ಕಿಲ್ಲ. ರೈತ ದೇಶದ ಬೆನ್ನೆಲುಬು. ಕಷ್ಟಕ್ಕಾದವರು ಬೆನ್ನಿಗೆ ನಿಂತವರು, ಓಡಿಹೋದವರು ಬೆನ್ನು ತೋರಿಸಿದವರು. ಸೊಂಟದ ಪಾಲಿಗೆ ಬಂದದ್ದು ಡಾಬು, ಉಡಿದಾರ, ಮತ್ತೆ ಕವಿಗಳ ವರ್ಣನೆ. ನಡು ಬಳುಕಿದಷ್ಟೂ ಚೆಂದ, ತೆಳ್ಳಗಾದಷ್ಟೂ ಚೆಂದ ಎನ್ನುವ ಹಳೆಯ ಕಾವ್ಯಗಳನ್ನು ಓದುವಾಗ ನನಗೆ ಕೊಂಚ ಆತಂಕವೇ ಆಗುತ್ತದೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಕಂಬ ತೆಳ್ಳಗಾದರೆ ಅದರ ಮೇಲಿನ ಒತ್ತಡ ಏರುತ್ತದೆ ಎಂದು ಮೊದಲ ವರ್ಷವೇ ಕಲಿತವಳು. 'ಟೊಂಕ ಕಟ್ಟಿ ನಿಲ್ಲು' ಎನ್ನುವ ಮಾತನ್ನು ಮಾತ್ರ ಸೊಂಟದ ಕೆಲಸ ಗೊತ್ತಿದ್ದವರೇ ಹುಟ್ಟಿಸಿರಬೇಕು. ಭಾರ ಎತ್ತುವ ಮೊದಲು ಹೊಟ್ಟೆಯನ್ನು ಬಿಗಿಮಾಡಿದರೆ ಒಳಗಿನ ಒತ್ತಡ ಏರಿ ಬೆನ್ನುಮೂಳೆಗೆ ಬಿಗಿ ಬರುತ್ತದೆ. ಮಂಡಿಯ ಹಮಾಲರು ಮೂಟೆಗೆ ಕೈಹಾಕುವ ಮುನ್ನ ಟವೆಲ್ಲನ್ನು ಸೊಂಟಕ್ಕೆ ಬಿಗಿಯುವುದು ಸುಮ್ಮನೆ ಅಲ್ಲ.

ನಾಲ್ಕು ವರ್ಷಗಳಿಂದ ನಾನು ಒಂದು ಸೊಂಟದ ಜೊತೆ ಬದುಕುತ್ತಿದ್ದೇನೆ. ಅದು ಇರುವುದು ಕಂಪ್ಯೂಟರಿನೊಳಗೆ. ನಮ್ಮ ಸೊಂಟದ ಭಾಗದಲ್ಲಿ ಐದು ಕಶೇರುಕಗಳಿವೆ, ಮೇಲಿನಿಂದ ಎಣಿಸಿದರೆ ಎಲ್ ಒಂದರಿಂದ ಎಲ್ ಐದು. ನನ್ನ ಪಿಎಚ್.ಡಿ. ಇರುವುದು ನಾಲ್ಕನೆಯದು ಮತ್ತು ಐದನೆಯದರ ನಡುವಿನ, ಸುಮಾರು ಒಂದು ಸೆಂಟಿಮೀಟರ್ ಎತ್ತರದ ಜಾಗದಲ್ಲಿ. ಮದುವೆಮನೆಗಳಲ್ಲಿ "ಏನವ್ವ ಓದ್ತಿರೋದು" ಎಂದು ಕೇಳಿದವರಿಗೆ ಇದನ್ನು ಹೇಳಿದರೆ, "ಅಷ್ಟಕ್ಕೇ ನಾಲ್ಕು ವರ್ಷವಾ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಆ ಜಾಗದಲ್ಲಿರುವ ಡಿಸ್ಕ್ ಒಂದು ವಿಚಿತ್ರ ವಸ್ತು. ನಡುವೆ ನೀರು ಹೀರಿ ಉಬ್ಬಿದ ಲೋಳೆಯಂಥ ತಿರುಳು, ಸುತ್ತಲೂ 15ರಿಂದ 25 ಪದರಗಳ ನಾರು. ಒಂದು ಪದರದ ನಾರು ಸುಮಾರು 30 ಡಿಗ್ರಿ ಬಲಕ್ಕೆ ವಾಲಿದ್ದರೆ ಮುಂದಿನ ಪದರದ್ದು ಅಷ್ಟೇ ಎಡಕ್ಕೆ, ಮತ್ತೆ ಬಲಕ್ಕೆ. ಮಂಕರಿ ಹೆಣೆಯುವವರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ದೊಡ್ಡವರಾದ ಮೇಲೆ ಡಿಸ್ಕಿನ ಒಳಭಾಗಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ; ನರಗಳೇನಿದ್ದರೂ ಹೊರಗಿನ ಪದರಗಳಲ್ಲಿ. ಆಹಾರ ಅಕ್ಕಪಕ್ಕದ ಮೂಳೆಗಳಿಂದ ಜಿನುಗಿ ಬರಬೇಕು. ರಾತ್ರಿ ಮಲಗಿದಾಗ ಡಿಸ್ಕು ನೀರು ಕುಡಿದು ಉಬ್ಬುತ್ತದೆ, ಹಗಲಲ್ಲಿ ಭಾರಕ್ಕೆ ಹಿಂಡಿ ಇಳಿಯುತ್ತದೆ. ಹೀಗಾಗಿ ಬೆಳಿಗ್ಗೆ ಏಳುವಾಗ ನಾವು ಹಿಂದಿನ ರಾತ್ರಿಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಎತ್ತರ. ಅದರಲ್ಲಿ ಅರ್ಧದಷ್ಟು ಎದ್ದ ಮೊದಲ ಒಂದು ಗಂಟೆಯಲ್ಲೇ ಹೋಗಿಬಿಡುತ್ತದೆ. ಉಬ್ಬಿದ ಡಿಸ್ಕನ್ನು ಬಗ್ಗಿಸಿದರೆ ಅದರ ಮೇಲಿನ ಎಳೆತ ಸಂಜೆಗಿಂತ ಎಷ್ಟೋ ಪಾಲು ಹೆಚ್ಚು. ಇದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಕಡೆಯ ಬೆಳಗುಗಳು. ಬಗ್ಗುವುದಕ್ಕೆ ದಿನದ ಅತಿ ಕೆಟ್ಟ ಆ ಒಂದು ಗಂಟೆಯಲ್ಲೇ ಹೆಂಗಸರು ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಇಡಬೇಕು. ಗಂಡಸರಿಗೆ ಆ ಗಂಟೆಯಲ್ಲಿ ಕಾಫಿ.

ಡಿಸ್ಕಿನೊಳಗೆ ಎಷ್ಟು ಒತ್ತಡವಿದೆ ಎಂದು ತಿಳಿಯಲು ಇರುವ ನೇರ ದಾರಿ ಒಂದೇ, ಬದುಕಿರುವವರ ಡಿಸ್ಕಿಗೆ ಸೂಜಿ ಚುಚ್ಚಿ ಅಳೆಯುವುದು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಇದನ್ನು ಮಾಡಿದರು. 1999ರಲ್ಲಿ ಜರ್ಮನಿಯ ಹಾನ್ಸ್-ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ನಾಲ್ಕು-ಐದರ ನಡುವಿನ ಡಿಸ್ಕಿನಲ್ಲಿ ಸಣ್ಣದೊಂದು ಸಂವೇದಕ ಇಟ್ಟು, ಅವನು ಮಲಗಿದ್ದು, ಕೂತದ್ದು, ಭಾರ ಎತ್ತಿದ್ದು ಎಲ್ಲವನ್ನೂ ದಾಖಲಿಸಿದರು. ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5. ಕಾರಿನ ಟೈರಿನಲ್ಲಿರುವುದು ಹೆಚ್ಚುಕಡಿಮೆ 0.2. ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ ಅದು 2.3ಕ್ಕೆ ಏರಿತು, ಮಂಡಿ ಮಡಿಸಿ ಎತ್ತಿದಾಗ 1.7. ಕುರ್ಚಿಯಲ್ಲಿ ಜಾರಿಕೊಂಡು ಒರಗಿ ಕೂತಾಗ ಮಾತ್ರ 0.3, ನಿಂತಾಗಿನದಕ್ಕಿಂತ ಕಡಿಮೆ. ನೆಟ್ಟಗೆ ಕೂರು ಎಂದು ಶಾಲೆಯಲ್ಲಿ ನನ್ನ ಬೆನ್ನಿಗೆ ಗುದ್ದಿದ ಮೇಷ್ಟರಿಗೆ ಈ ಒಂದು ಅಂಕಿಯನ್ನು ತಲುಪಿಸಬೇಕೆಂಬ ಆಸೆ ಇನ್ನೂ ಇದೆ.

ಆ ಸ್ವಯಂಸೇವಕನ ವಯಸ್ಸು 45, ತೂಕ 70 ಕೆಜಿ. ಸೊಂಟದ ಮಾದರಿ ಕಟ್ಟುವವರು ತಮ್ಮ ಲೆಕ್ಕ ಸರಿಯೇ ಎಂದು ನೋಡಲು ಇಂದಿಗೂ ಅವನ ಅಂಕಿಗಳ ಪಕ್ಕದಲ್ಲಿ ತಮ್ಮದನ್ನು ಇಟ್ಟು ನೋಡುತ್ತಾರೆ. ನಾನೂ ನೋಡಿದೆ, ಚೆನ್ನಾಗಿ ಹೊಂದಿಕೆಯಾಯಿತು. ಮಾರ್ಗದರ್ಶಕರು ಖುಷಿಪಟ್ಟರು. ಅದೇ ವಾರ ಮಂಡ್ಯದ ಹತ್ತಿರದ ನಮ್ಮೂರಿನಿಂದ ಅವ್ವ ಫೋನ್ ಮಾಡಿ, "ಸ್ಕ್ಯಾನಿಂಗ್ ಮಾಡುಸ್ದೆ ಕಣವ್ವ. ಸೊಂಟ ಪೂರಾ ಸವ್ದೋಗದಂತೆ" ಎಂದಳು.

ಅವ್ವನಿಗೆ 54. ತೂಕ 48 ಕೆಜಿ. ಹದಿನಾಲ್ಕನೇ ವಯಸ್ಸಿನಿಂದ ನಾಲೆ ಬಯಲಿನ ಗದ್ದೆಗಳಲ್ಲಿ ನಾಟಿ ಹಾಕಿದವಳು, ಸ್ವಂತದ್ದರಲ್ಲಿ ಕಡಿಮೆ, ಕೂಲಿಗೆ ಹೆಚ್ಚು. ಸೊಂಟನೋವು ಅವಳಿಗೆ ಹೊಸದಲ್ಲ. ಹೊಸದಾಗಿ ಬಂದದ್ದು ಒಂದು ಹಾಳೆ ಮತ್ತು ಅದನ್ನು ಓದಿ ಹೇಳಿದವರ ಮಾತು: "ಮೂಳೆ ಸವೆದಿದೆ, ಡಿಸ್ಕ್ ಜಾರಿದೆ, ಇನ್ನು ಬಗ್ಗಲೇಬೇಡಿ, ಬಗ್ಗಿದರೆ ಹಾಸಿಗೆ ಹಿಡೀತೀರಿ." ನಾನು ಊರಿಗೆ ಹೋಗುವಷ್ಟರಲ್ಲಿ ಅವ್ವ ಬೇರೆಯದೇ ಹೆಂಗಸಾಗಿದ್ದಳು. ಸೊಂಟಕ್ಕೆ ಬೆಲ್ಟು. ನೆಲದ ಮೇಲೆ ಕೂರುವುದಿಲ್ಲ. ಬಿದ್ದ ಚಮಚ ಎತ್ತುವುದಿಲ್ಲ. ಅಣ್ಣನ ಎರಡು ವರ್ಷದ ಮಗಳು ಎತ್ತಿಕೋ ಎಂದು ಕೈಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. "ಇನ್ನೇನಿದ್ರೂ ನಾನು ಗಾಜಿನ್ ಲೋಟ" ಎಂದಳು. ನನಗೆ ನಗು ಬರಲಿಲ್ಲ.

ಕಾಲಿನಲ್ಲಿ ಬಲ ಕುಂದಿದ್ದರೆ, ತೊಡೆಸಂದಿನಲ್ಲಿ ಸ್ಪರ್ಶ ಹೋಗಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅದು ಬೇರೆ ಮಾತು, ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅವ್ವನಿಗೆ ಅದೊಂದೂ ಇರಲಿಲ್ಲ. ಹಾಳೆಯಲ್ಲಿದ್ದದ್ದು ಡೀಜನರೇಟಿವ್ ಚೇಂಜಸ್, ಡಿಸ್ಕ್ ಬಲ್ಜ್ ಎಂಬ ಪದಗಳು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳ ವಿವರವನ್ನು ಒಟ್ಟುಗೂಡಿಸಿತ್ತು. ಅಂಥ 'ಸವೆತ' ಇಪ್ಪತ್ತರ ವಯಸ್ಸಿನವರಲ್ಲಿ ಶೇ. 37, ಐವತ್ತರಲ್ಲಿ ಶೇ. 80, ಎಂಬತ್ತರಲ್ಲಿ ಶೇ. 96. ಅಂದರೆ ಬಹುಪಾಲು ಜನರಲ್ಲಿ ಇದು ತಲೆ ನರೆತ ಹಾಗೆ. ಕೂದಲು ನರೆತದ್ದಕ್ಕೆ ಯಾರೂ ಬೆಲ್ಟು ಬರೆದುಕೊಡುವುದಿಲ್ಲ. ಇನ್ನು ಡಿಸ್ಕು ಜಾರುತ್ತದೆ ಎನ್ನುವುದೇ ತಪ್ಪು ಮಾತು. ಅದು ಮೇಲಿನ ಕೆಳಗಿನ ಮೂಳೆಗಳಿಗೆ ನಾರಿನಿಂದ ಬಿಗಿಯಾಗಿ ಹೊಲಿದುಕೊಂಡಿದೆ, ಸೋಪಿನ ಹಾಗೆ ಜಾರಲಾರದು. ಕೆಲವರಲ್ಲಿ ಪದರ ಹರಿದು ತಿರುಳು ಹೊರಚಾಚಿ ನರವನ್ನು ಒತ್ತುತ್ತದೆ. ಕಾಲಿಗೆ ಇಳಿಯುವ ನೋವಿಗೆ ಇದು ಕಾರಣವಾಗಬಲ್ಲದು ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಹಾಗೆ ಹೊರಬಂದದ್ದನ್ನೂ ಬಹಳಷ್ಟು ಸಲ ದೇಹ ತಾನೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ.

ಇಷ್ಟನ್ನೂ ನಾನು ಅವ್ವನಿಗೆ ಲ್ಯಾಪ್‌ಟಾಪ್ ತೆರೆದು, ಬಣ್ಣಬಣ್ಣದ ನನ್ನ ಮಾದರಿಯನ್ನು ಬಗ್ಗಿಸಿ, ತಿರುಗಿಸಿ ವಿವರಿಸಿದೆ. ಅವಳು ಗಮನವಿಟ್ಟು ನೋಡಿದಳು. ಕೆಂಪಾದ ಜಾಗ ತೋರಿಸಿ, "ಇಲ್ಲಿ ನೋವಾಯ್ತದಾ ಇದ್ಕೆ?" ಎಂದು ಕೇಳಿದಳು.

ಇಲ್ಲ, ಅಲ್ಲಿ ಒತ್ತಡ ಹೆಚ್ಚು ಅಷ್ಟೆ ಎಂದೆ.

"ಮತ್ತೆ ನೋವು ಯಾವ ಬಣ್ಣ?"

ನನ್ನ ಮಾದರಿಯಲ್ಲಿ ಲಕ್ಷಗಟ್ಟಲೆ ಬಿಂದುಗಳಿವೆ. ಒಂದೊಂದು ಬಿಂದುವಿನಲ್ಲೂ ಒತ್ತಡವೆಷ್ಟು, ಎಳೆತವೆಷ್ಟು, ಎಷ್ಟು ಮಿಲಿಮೀಟರ್ ಸರಿಯಿತು ಎಂದು ಹೇಳಬಲ್ಲೆ. ನೋವಿಗೆ ಅಲ್ಲಿ ಜಾಗವೇ ಇಲ್ಲ. ಒತ್ತಡ ಹೆಚ್ಚಿದ್ದ ಕಡೆ ನೋವು ಇರಲೇಬೇಕೆಂದಿಲ್ಲ. ನೋವಿಗೆ ನಿದ್ದೆ, ಭಯ, ಸಾಲ, ಹಿಂದಿನ ನೋವಿನ ನೆನಪು ಎಲ್ಲವೂ ಸೇರಿಕೊಳ್ಳುತ್ತವೆ. ಬಗ್ಗಿದರೆ ಮುರಿಯುತ್ತೇನೆ ಎಂದು ನಂಬಿದವರ ಬೆನ್ನಿನ ಸ್ನಾಯುಗಳು ಸದಾ ಬಿಗಿದುಕೊಂಡೇ ಇರುತ್ತವೆ, ಆ ಬಿಗಿತವೇ ಇನ್ನಷ್ಟು ನೋಯಿಸಬಹುದು. ಇದು ವೈದ್ಯಲೋಕಕ್ಕೆ ತಿಳಿಯದ ವಿಷಯವಲ್ಲ. ಜಗತ್ತಿನಲ್ಲಿ 2020ರಲ್ಲಿ ಸುಮಾರು 62 ಕೋಟಿ ಜನ ಸೊಂಟನೋವಿನವರಿದ್ದರು ಎಂಬ ಅಂದಾಜಿದೆ, ಅವರಲ್ಲಿ ಬಹುತೇಕರಿಗೆ ಇಂಥದ್ದೇ ಮೂಳೆ, ಇಂಥದ್ದೇ ಡಿಸ್ಕು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ 'ಸವೆದಿದೆ' ಎಂದು ಹೇಳಲು ಒಂದು ಸೆಕೆಂಡು ಸಾಕು. ಉಳಿದದ್ದನ್ನು ಹೇಳಲು ಅರ್ಧ ಗಂಟೆಯಾದರೂ ಬೇಕು, ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ.

ನಾಟಿಯ ಕೆಲಸ ಬೆನ್ನಿಗೆ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಸರಳ. ಅವ್ವನ ಡಿಸ್ಕಿನ ಮೇಲೆ ಕೂತಿರುವ ದೇಹದ ಭಾಗ ಸುಮಾರು 25 ಕೆಜಿ. ಪೂರಾ ಬಗ್ಗಿದಾಗ ಅದರ ಭಾರ ಡಿಸ್ಕಿನಿಂದ 25 ಸೆಂಟಿಮೀಟರಿನಷ್ಟು ಮುಂದೆ ಬೀಳುತ್ತದೆ. ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳಿಗೆ ಸಿಗುವ ಸನ್ನೆಯ ಉದ್ದ ಬರೀ ಐದು. ಅಂದರೆ ಒಂದು ಪೈರನ್ನೂ ಹಿಡಿಯದೆ ಸುಮ್ಮನೆ ಬಗ್ಗಿ ನಿಲ್ಲಲು 125 ಕೆಜಿಯ ಎಳೆತ ಬೇಕು. ಇನ್ನೊಂದು ಅಚ್ಚರಿಯೂ ಇದೆ. ಪೂರ್ತಿ ಬಗ್ಗಿ ಹಾಗೇ ನಿಂತಾಗ ಬೆನ್ನಿನ ಸ್ನಾಯುಗಳ ವಿದ್ಯುತ್ ಸಂಕೇತ ಹೆಚ್ಚುಕಡಿಮೆ ನಿಂತೇಹೋಗುತ್ತದೆ. 1950ರ ದಶಕದಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬಿಬ್ಬರು ಇದನ್ನು ವಿವರವಾಗಿ ದಾಖಲಿಸಿದರು. ಸ್ನಾಯುಗಳು ಕೈಬಿಟ್ಟಾಗ ಭಾರ ಹೊರುವುದು ಅಸ್ಥಿಬಂಧಗಳು ಮತ್ತು ಡಿಸ್ಕಿನ ಹಿಂಬದಿಯ ನಾರು. ಗಂಟೆಗಟ್ಟಲೆ ಎಳೆದರೆ ಅವು ಹಳೆಯ ಲಾಡಿಯ ಹಾಗೆ ಸಡಿಲುತ್ತವೆ, ಬಿಟ್ಟ ಕೂಡಲೇ ಮೊದಲಿನಂತಾಗುವುದಿಲ್ಲ. ಸಾಲಿನ ಕೊನೆಯಲ್ಲಿ ಹೆಂಗಸರು ಎರಡೂ ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿ "ಅವ್ವಾ" ಎನ್ನುವುದು ಆ ಹೊತ್ತಿನಲ್ಲಿ.

ಹಾಗಾಗಿ ನಾನು ಅವ್ವನಿಗೆ ಕೊನೆಗೆ ಹೇಳಿದ್ದು ಇಷ್ಟೇ: ನಿನ್ನ ಸೊಂಟ ದಣಿದಿದೆ, ಮುರಿದಿಲ್ಲ. ಬೆಳಿಗ್ಗೆ ಎದ್ದ ಒಂದು ಗಂಟೆ ಕಸ ಗುಡಿಸಬೇಡ, ಅದನ್ನು ಅಣ್ಣ ಮಾಡಲಿ. ಮಗುವನ್ನು ಎತ್ತು, ಆದರೆ ಮೈಗೆ ಹತ್ತಿರ ತಂದುಕೊಂಡು ಎತ್ತು. ದಿನಾ ನಡೆ. ಅಣ್ಣನಿಗೆ ಈ ವೈಜ್ಞಾನಿಕ ಸಲಹೆಯ ಒಂದು ಭಾಗ ಅಷ್ಟಾಗಿ ಹಿಡಿಸಲಿಲ್ಲ. ಅವ್ವ ಬೆಲ್ಟು ಬಿಚ್ಚಲು ಮೂರು ತಿಂಗಳು ತೆಗೆದುಕೊಂಡಳು.

ಆಗಸ್ಟಿನಲ್ಲಿ ಹೋದಾಗ ನಮ್ಮ ಸ್ವಂತದ ಅರ್ಧ ಎಕರೆಗೆ ನಾಟಿ ನಡೆದಿತ್ತು. ಕೂಲಿಗೆ ಹೋಗುವುದನ್ನು ಅವ್ವ ನಿಲ್ಲಿಸಿದ್ದಾಳೆ, ಇದಕ್ಕೆ ಮಾತ್ರ ಇಳಿದಿದ್ದಳು. ಬದುವಿನ ಮೇಲೆ ಕೂತು ನೋಡುತ್ತಿದ್ದ ನನಗೆ ಇಷ್ಟು ವರ್ಷ ಕಣ್ಣೆದುರೇ ಇದ್ದ ಒಂದು ವಿಷಯ ಕಂಡಿತು. ಪೈರಿನ ಕಟ್ಟು ಹಿಡಿದ ಎಡಗೈಯ ಮೊಣಕೈಯನ್ನು ಅವಳು ಎಡ ಮಂಡಿಯ ಮೇಲೆ ಊರಿಕೊಂಡಿದ್ದಳು. ಪಕ್ಕದ ಹೆಂಗಸರಲ್ಲಿ ವಯಸ್ಸಾದವರೆಲ್ಲ ಹಾಗೇ. ಹುಡುಗಿಯರು ಮಾತ್ರ ಎರಡೂ ಕೈ ಬಿಟ್ಟು ನೆಡುತ್ತಿದ್ದರು. ಮೈಯ ಭಾರದ ಒಂದು ಪಾಲು ಮೊಣಕೈಯಿಂದ ಮಂಡಿಗೆ, ಅಲ್ಲಿಂದ ಕೆಸರಿಗೆ ಇಳಿದುಹೋಗುತ್ತದೆ, ಸೊಂಟವನ್ನು ಮುಟ್ಟುವುದೇ ಇಲ್ಲ. ಮೊಣಕೈ ಹೊತ್ತ ಒಂದೊಂದು ಕೆಜಿಗೂ ಹಿಂಬದಿಯ ಎಳೆತದಲ್ಲಿ ಐದು ಕೆಜಿಗೂ ಹೆಚ್ಚು ತಗ್ಗುತ್ತದೆ. ನಾನು ಓದಿದ ಪ್ರಬಂಧಗಳಲ್ಲಿ ಜನ ಪೆಟ್ಟಿಗೆ ಎತ್ತುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ನನ್ನ ಮಾದರಿಯೂ ಅದನ್ನೇ ಮಾಡುತ್ತಿತ್ತು.

ಅಳತೆ ತೆಗೆದುಕೊಳ್ಳಲೆಂದು ಅವ್ವನನ್ನು ಹಾಗೇ ಒಂದು ನಿಮಿಷ ನಿಲ್ಲಲು ಹೇಳಿ ಬದಿಯಿಂದ ಫೋಟೋ ತೆಗೆದೆ. ಮೊಣಕೈ ಯಾಕೆ ಅಲ್ಲಿ ಇಡುತ್ತೀಯ, ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಅವಳು ತಲೆಯೆತ್ತಲಿಲ್ಲ. "ಎಲ್ಲಿ?" ಎಂದು ತನ್ನ ಮೊಣಕೈಯನ್ನೇ ಒಮ್ಮೆ ನೋಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಮುಂದಿನ ಸಾಲಿಗೆ ಪೈರು ಕಿತ್ತುಕೊಂಡಳು.